ಹೊಳಿಗೆ ಹೋದದ್ದು

ಭೀಮಾತೀರದವರು ಎಂದು ನಾವು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ನೆಲೋಗಿಯಿಂದ ಹೊರಟ ನಮ್ಮ ಹನ್ನೊಂದು ಮಂದಿಯಲ್ಲಿ ಈಸು ಬರುತ್ತಿದ್ದುದು ಇಬ್ಬರಿಗೆ. ಅವರೂ ಕಲಿತದ್ದು ಭೀಮೆಯಲ್ಲಲ್ಲ. ಪುಣೆಯ ಕಡೆ ದುಡಿಯಲು ಹೋದಾಗ, ಯಾವುದೋ ಕಾಲುವೆಯಲ್ಲಿ.

ತೊಗರಿ ರಾಶಿ ಮುಗಿದಿತ್ತು. ಕೈಯಲ್ಲಿ ನಾಲ್ಕು ದುಡ್ಡಿತ್ತು. ಸನ್ನತಿಗೆ ಹೋಗಿ ಅಶೋಕನ ಕಾಲದ ಕಲ್ಲು ನೋಡೋಣ, ಹೊಳೆಗಿಳಿದು ಹುಡುಗರಿಗೆ ಈಸು ಕಲಿಸೋಣ ಎಂದು ಹೊರಟೆವು. ಪ್ರವಾಸ ಎಂಬುದು ನಮ್ಮ ಕೇರಿಗೆ ಹೊಸ ಶಬ್ದ. ನಮ್ಮವರು ಊರು ಬಿಡುವುದು ಕೂಲಿಗೆ, ಇಲ್ಲ ಜಾತ್ರೆಗೆ. ಗೆಳೆಯನ ಆಯಿ ಬಾಗಿಲಲ್ಲಿ ನಿಂತು ನಕ್ಕಳು: "ಕಲ್ಲ ನೋಡ್ಲಾಕ ಅಷ್ಟ ದೂರ ಯಾಕ್ರೋ? ನನ್ನ ನೆತ್ತಿ ಮುಟ್ಟಿ ನೋಡ್ರಿ. ಇಪ್ಪತ್ತ ವರ್ಷ ಶಹಾಬಾದ ಖಣಿಯಾಗ ಫರಸಿ ಹೊತ್ತೀನಿ." ಹಾಗೆ ನಕ್ಕವಳೇ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ನಮ್ಮ ಜೊತೆ ಬಸ್ಸು ಹತ್ತಿದಳು.

ಕಟ್ಟಿಸಂಗಾವಿ ಸೇತುವೆಯ ಮೇಲೆ ಹೊಳೆ ಕಂಡಾಗ ಆಯಿ ಸುಮ್ಮನಾದಳು. ಆಮೇಲೆ ತಾನಾಗಿಯೇ ಹೇಳಿದಳು. ಅವಳ ತವರೂರು ಹೊಳೆದಂಡೆಯದು. ಬ್ಯಾಸಗಿಯಲ್ಲಿ ನೀರು ಬತ್ತಿದಾಗ ಹೆಂಗಸರು ಉಸುಕು ತೋಡಿ ವರ್ತಿ ನೀರು ತುಂಬುತ್ತಿದ್ದರು. ಮ್ಯಾಲಿನ ವರ್ತಿ ಊರವರದು. ಕೆಳಗೆ, ದನದ ಮೈ ತೊಳೆಯುವ ಕಡೆ, ನಮ್ಮದು. "ಹೊಳಿಯಾಗಿನ ಉಸುಕಿಗೂ ಜಾತಿ ಇತ್ತಪ್ಪಾ." ಹುಡುಗಿಯಾಗಿದ್ದಾಗ ಒಮ್ಮೆ ಮ್ಯಾಲಿನ ವರ್ತಿಗೆ ಕೊಡ ಇಟ್ಟಿದ್ದಳು. ಕೊಡ ಒಡೆದರು. ಅವಳಪ್ಪ ಹೋಗಿ ಕಾಲಿಗೆ ಬಿದ್ದು ಬಂದ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿ ಆಗಲೇ ಎಷ್ಟೋ ವರ್ಷವಾಗಿತ್ತು. ಇದೇ ಹೊಳೆ ಮೇಲೆ ಪಂಢರಪುರದಲ್ಲಿ ಚಂದ್ರಭಾಗಾ. ಅಲ್ಲಿ ಚೋಖಾಮೇಳ ಎಷ್ಟು ಹಾಡಿದರೂ ವಿಠ್ಠಲನ ಗುಡಿಯ ಹೊರಗೇ ಉಳಿದ.

ಬಸ್ಸು ಬದಲಿಸಿ, ಕಡೆಗೆ ಟಂಟಂ ಹತ್ತಿ ಸನ್ನತಿ ಮುಟ್ಟಿದೆವು. ಚಿತ್ತಾಪುರ ತಾಲೂಕಿನ ಊರು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ಕೊರೆದಿದ್ದರು. ಕೊರೆದಲ್ಲಿ ಅಕ್ಷರ ಹೋಗಿವೆ. ಅದರಲ್ಲಿನ ಎರಡು ಆಜ್ಞೆಗಳು ಕಳಿಂಗದ ಧೌಲಿ, ಜೌಗಡಗಳಲ್ಲೂ ಇವೆ. ಜನರೆಲ್ಲ ತನ್ನ ಮಕ್ಕಳೆಂದೂ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಿ ಹಿಂಸಿಸಬಾರದೆಂದೂ ರಾಜ ಅಲ್ಲಿ ತನ್ನ ಅಧಿಕಾರಿಗಳಿಗೆ ಹೇಳುತ್ತಾನೆ. ನಾವು ಪುಸ್ತಕ ನೋಡಿ ಇದನ್ನು ಓದಿದಾಗ, ಲಾಕಪ್ಪಿನ ಏಟು ತಿಂದಿದ್ದ ನಮ್ಮ ಗೆಳೆಯನೊಬ್ಬ ಮತ್ತೊಮ್ಮೆ ಓದಿಸಿದ.

ಹತ್ತಿರದ ಕನಗನಹಳ್ಳಿಯಲ್ಲಿ ಸ್ತೂಪ. 1994ರಿಂದ ಅಗೆದು ತೆಗೆದದ್ದು. ಅಧೋಲೋಕ ಮಹಾಚೈತ್ಯ ಎಂದು ಅದರ ಹೆಸರು. ಕೆತ್ತಿದ ಚಪ್ಪಡಿಗಳು ವರ್ಷಗಟ್ಟಲೆ ಬಯಲಿನಲ್ಲಿ ಬಿದ್ದಿದ್ದವು. ಅವನ್ನು ಜೋಡಿಸುವ ಕೆಲಸ ಶುರುವಾದದ್ದು 2022ರಲ್ಲಿ. ನಾವು ಶಿಲ್ಪ ನೋಡುತ್ತಿದ್ದರೆ ಆಯಿ ಬದಿಗಿದ್ದ ಒಂದು ಕಲ್ಲಿನ ಅಂಚು ಸವರಿದಳು. ಉಗುರಿನಿಂದ ತಟ್ಟಿದಳು.

"ಇದು ನಮ್ಮ ಫರಸಿ ನಮೂನಿ ಕಲ್ಲೇ ಅದ. ಇಷ್ಟ ದೊಡ್ಡದು ಎತ್ತಬೇಕಂದ್ರ ಹತ್ತ ಮಂದಿ ಬೇಕು. ಅವರ ಹೆಸರು ಎಲ್ಲಿ ಬರದಾರ?"

ಕಲ್ಲು ಕೊಡಿಸಿದವರ ಹೆಸರುಗಳಿವೆ. ಭಿಕ್ಷುಗಳದ್ದು, ಭಿಕ್ಷುಣಿಯರದ್ದು, ಸಂಸಾರಿಗಳದ್ದು. ಹೊತ್ತವರದ್ದು? ಪುಸ್ತಕದಲ್ಲಿ ಅಶೋಕನ ಶಿಲ್ಪದ ಚಿತ್ರವಿತ್ತು, ಅವಳಿಗೆ ತೋರಿಸಿದೆವು. ರಾಜ, ರಾಣಿ, ಚಾಮರ ಬೀಸುವವಳು, ಕೊಡೆ ಹಿಡಿದವಳು. ರಾಜ ಅಶೋಕನೆಂದು ಪ್ರಾಕೃತದಲ್ಲಿ ಕೆತ್ತಿದ್ದಾರೆ. ಕೊಡೆ ಹಿಡಿದವಳ ಹೆಸರಿಲ್ಲ. ಬುದ್ಧನ ದಾರಿ ನಮ್ಮದು ಎನ್ನುವ ನಾವು ಆಯಿಯ ಪ್ರಶ್ನೆಯನ್ನು ಅಶೋಕನಿಗೂ ಕೇಳಲೇಬೇಕು.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಹೊಳೆಗಿಳಿದೆವು. ಚಂದ ಇತ್ತು, ಸುಳ್ಳೇಕೆ. ಬೆಳ್ಳಕ್ಕಿ, ತಂಪು ಗಾಳಿ. ಮೊಣಕಾಲುದ್ದ ನೀರಿನಲ್ಲಿ ಮೀಯುತ್ತಿದ್ದ ಹಿರಿಯರೊಬ್ಬರು ಮಾತಿಗೆ ಎಳೆದರು.

"ಯಾವೂರವರ್ರಿ?"

"ನೆಲೋಗಿ."

"ಯಾರ ಪೈಕಿ?"

ಮೈಕು ಸಿಕ್ಕರೆ ಗುಡುಗುವ ನಾವು, ಅರ್ಧ ತಾಸಿನ ಹಿಂದೆ ಶಾಸನ ಓದಿದ್ದ ನಾವು, "ಮಾಸ್ತರ ಪೈಕಿ" ಎಂದು ನಗಿಸಿ ಜಾರಿಕೊಂಡೆವು. ನಾಚಿಕೆಯ ಮಾತು, ಆದರೂ ಬರೆಯಬೇಕು. ಆತ ಎರಡನೇ ಉತ್ತರಕ್ಕೆ ಕಾಯುತ್ತಲೇ ಇದ್ದ.

ಆಯಿ ಸೀರೆ ಎತ್ತಿ ಕಟ್ಟಿ ಬಂದಳು. ಆತನಿಗಿಂತ ನಾಲ್ಕು ಮಾರು ಮ್ಯಾಲೆ ಹೋಗಿ ನೀರಿಗಿಳಿದು ನಿಂತಳು.

"ಹೊಲ್ಯಾರ ಪೈಕಿ ಅದೀವ್ರಿ ಅಣ್ಣಾ. ನೀರು ನಮ್ಮ ಕಡಿಂದ ನಿಮ್ಮ ಕಡಿಗಿ ಹರಿಲತ್ತದ. ನಡೀತದಲ್ರಿ?"

"ಅಯ್ಯ, ಈಗ ಅದೆಲ್ಲ ಯಾರ ನೋಡ್ತಾರವ್ವಾ" ಎಂದ ಆತ. ಸ್ವಲ್ಪ ಹೊತ್ತಿಗೆ ಪಂಜಿ ಹಿಂಡಿಕೊಂಡು ಎದ್ದು ಹೋದ. ಮಿಂದು ಮುಗಿದಿತ್ತೋ ಏನೋ, ನಾವು ಕೇಳಲಿಲ್ಲ.

ಈಸು ಬರುವ ಇಬ್ಬರು ಹುಡುಗರ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಒಬ್ಬೊಬ್ಬರನ್ನಾಗಿ ತೇಲಿಸಿದರು. ಸಣ್ಣವನೊಬ್ಬ ಕೈ ಬಿಟ್ಟ ಮೇಲೂ ಎರಡು ಮಾರು ಹೋದ. ಟಂಟಂ ಡ್ರೈವರ್ ದಂಡೆಯ ಮೇಲಿಂದ ಹಾರ್ನ್ ಹೊಡೆಯುತ್ತಿದ್ದ, ಹುಡುಗರು ಮೇಲೆ ಬರಲೊಲ್ಲರು. ಆಯಿಯೂ ಬರಲೊಲ್ಲಳು.