ಅಡಗಿ ಕಟ್ಟಿ ಯಾರ ಮೊಳಕೈ ಅಳತಿ?

ನಮ್ಮ ಕನ್ನೊಳ್ಳ್ಯಾಗ ಈಗ ಯಾರು ಮನಿ ಕಟ್ಟಸಿದ್ರೂ ನಿಂತು ಅಡಗಿ ಮಾಡೋ ಕಟ್ಟಿ ಬೇಕೇ ಬೇಕು. ಚಲೋನ ಆತು. ಹೊಗಿ ಹೋತು, ಕೂತು ಏಳೂದು ಕಡಿಮಿ ಆತು. ಆದ್ರ ಮಳಕಾಲ ನೋವು ಹೋಗಿ ಭುಜದ ನೋವು ಬಂತು ಅನ್ನೋರು ಭಾಳ ಮಂದಿ ಅದಾರ. ವಯಸ್ಸಾತು ಅಂತ ಸುಮ್ಮನಿರತೀವಿ. ಕಟ್ಟಿ ಎತ್ತರ ಯಾರೂ ನೋಡೂದಿಲ್ಲ.

ಕೆಲಸದ ಜಾಗಾ, ಸಾಮಾನು ಮಾಡೋರ ಮೈಗೆ ಹೊಂದಬೇಕು ಅಂತ ಒಂದು ವಿದ್ಯಾನ ಅದ, ಎರ್ಗೊನಾಮಿಕ್ಸ್ ಅಂತಾರ. ಆಫೀಸಿನ ಕುರ್ಚಿ, ಕಾರಖಾನಿ ಮಶೀನ್ ಎಲ್ಲಾದಕ್ಕೂ ಅದು ಬೇಕು. ಅಮೆರಿಕಾದ ಲಿಲಿಯನ್ ಗಿಲ್ಬ್ರೆತ್ ಅನ್ನೋ ಇಂಜಿನಿಯರ್, 12 ಮಕ್ಕಳ ತಾಯಿ, ಸುಮಾರು ನೂರು ವರ್ಷದ ಹಿಂದ ಕಾರಖಾನಿ ಲೆಕ್ಕಾ ಅಡಗಿ ಮನಿಗೂ ತಂದಾಕಿ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನದವರೂ ಹೆಣ್ಣಮಕ್ಕಳ ದಣಿವು ಕಡಿಮಿ ಮಾಡೂದರ ಮ್ಯಾಲ ಕೆಲಸಾ ಮಾಡ್ಯಾರ.

ಲೆಕ್ಕಾ ಸರಳ ಅದ. ನೆಟ್ಟಗ ನಿಂತು, ತೋಳು ಮೈಗೆ ಹತ್ತಿಸಿ ಮೊಳಕೈ ಮಡಚ್ರಿ. ನೆಲದಿಂದ ಮೊಳಕೈ ತನಕಾ ಟೇಪ್ ಹಿಡೀರಿ. ಕಾಯಿಪಲ್ಯ ಹೆಚ್ಚಾಕ ಕಟ್ಟಿ ಅದಕ್ಕಿಂತ ಮೂರ್ನಾಕು ಇಂಚ ಕೆಳಗಿರಬೇಕು. ಹಿಟ್ಟು ನಾದಾಕ, ರೊಟ್ಟಿ ಬಡ್ಯಾಕ ಮೈಭಾರ ಕೈಮ್ಯಾಲ ಬೀಳಬೇಕಲ್ಲ, ಅದಕ್ಕ ಆರೇಳು ಇಂಚ ಕೆಳಗ. ಪರಾತದ ದಪ್ಪಾನೂ ಅದರಾಗ ಹಿಡೀರಿ.

ನಮ್ಮನ್ಯಾಗ ಕಟ್ಟಿ ಕಟ್ಟೋ ಮುಂದ ಗೌಂಡಿ, “ಎಲ್ಲಾರ ಮನ್ಯಾಗೂ 33 ಇಂಚನ ರೀ ಅವ್ವಾರ” ಅಂದ. ನನ್ನ ಮೊಳಕೈ 37 ಇಂಚ, ಸೊಸೀದು 41. ದಿನಾ ಮೂವತ್ತು ಜ್ವಾಳದ ರೊಟ್ಟಿ ಬಡಿಯಾಕಿ ನಾನು, ಪಲ್ಯ, ಸಾರು ಅಕಿದು. 33ರ ಮ್ಯಾಲ ಪರಾತ ಇಟ್ರ ನನ್ನ ಭುಜ ಮ್ಯಾಲೇರತಾವ. ಅದ ಕಟ್ಟಿಗೆ ಅಕಿ ಬಗ್ಗಿ ಬಗ್ಗಿ ನಡಾ ಹಿಡಕೋಬೇಕು. ಎರಡು ಎತ್ತರ ಮಾಡ್ರಿ ಅಂದೆ.

“ಚಂದ ಕಾಣೂದಿಲ್ಲ, ನೋಡಿದ ಮಂದಿ ನಗ್ತಾರ” ಅಂದ್ರು ನಮ್ಮನಿಯವರು.

“ನೋಡೋ ಮಂದಿ ಬಂದು ರೊಟ್ಟಿ ಬಡಿದು ಕೊಡ್ತಾರೇನು?” ಅಂದೆ.

ಕಡೀಕ ಉದ್ದನ ಕಟ್ಟಿ 37 ಇಂಚ ಆತು, ಮೂಲ್ಯಾಗ ನನ್ನ ರೊಟ್ಟಿ ಕಟ್ಟಿ 29. ಬೇಯಸಾಕ ಒಂದೊಲಿ ಗ್ಯಾಸನೂ ಆ ತಗ್ಗಿನ ಕಟ್ಟಿಮ್ಯಾಲನ ಇಟ್ಟೀವಿ. ಯಾಕಂದ್ರ ಒಲಿ ತಾನ ನಾಕೈದು ಇಂಚ ಏರತದ, ಅದರ ಮ್ಯಾಲ ಹಂಚು. ಈಗ ಕೈ ಎತ್ತಿ ರೊಟ್ಟಿ ತಿರುವೂದು ತಪ್ಪ್ಯದ.

ಕಟ್ಟಿದ್ದನ್ನ ಒಡೀರಿ ಅಂತ ಹೇಳೂದಿಲ್ಲ. ಕಟ್ಟಿ ಎತ್ತರ ಆಗಿದ್ರ ಅಗಲಾದ, ಅಲುಗಾಡದ ಹಲಗಿ ಮ್ಯಾಲ ನಿಂದ್ರಿ, ಸಣ್ಣ ಮಣಿ ಬ್ಯಾಡ, ಜಾರತದ. ತಗ್ಗಾಗಿದ್ರ ಹೆಚ್ಚೋ ಹಲಗಿ ಕೆಳಗ ದಪ್ಪನ ಇನ್ನೊಂದು ಹಲಗಿ ಇಡ್ರಿ. ಹಿಟ್ಟಿನ ಡಬ್ಬಿ, ಕುಕ್ಕರ್ ಅಂಥಾ ವಜ್ಜಾ ಸಾಮಾನು ನಡಾ ಮತ್ತ ಎದಿ ನಡುವಿನ ಎತ್ತರದಾಗ ಇರಲಿ. ಹತ್ತು ರೊಟ್ಟಿಗೊಮ್ಮೆ ಕೈ ಜಾಡಿಸಿ ನೆಟ್ಟಗ ನಿಂದ್ರಿ. ಕೈ ಜೋಮು ಹಿಡಿದು ಬಿಡಲಿಲ್ಲಂದ್ರ ದವಾಖಾನಿಗೆ ಹೋಗ್ರಿ.

ಮನಿ ಕಟ್ಟೋ ಮುಂದ ವಾಸ್ತು ಕೇಳತೀವಿ, ಬಾಗಲಾ ಯಾವ ದಿಕ್ಕಿಗೆ ಅಂತ ನೂರು ಸಲ ಅಳೀತೀವಿ. ದಿನಾ ಮೂರು ತಾಸು ಆ ಕಟ್ಟಿಗೆ ನಿಂದ್ರಾಕಿ ಮೊಳಕೈ ಒಂದು ಸಲನರ ಅಳೀರಿ. ಅಳತಿ ಚೀಟಿ ಬರದು, ಕಲ್ಲು ಕೂಡ್ಸೂಕಿಂತ ಮೊದಲ ಗೌಂಡಿ ಕೈಯಾಗ ಕೊಡ್ರಿ.