ಹತ್ತು ನಿಮಿಷದ ಕೆಲಸ

ಅಪ್ಪನ ಅಂಗಿ ಜೇಬಲ್ಲಿ ಯಾವಾಗಲೂ ಎರಡು ವಸ್ತು ಇರುತ್ತವೆ. ಒಂದು ಪೆನ್ನು, ಇನ್ನೊಂದು ಪೆನ್ ಡ್ರೈವ್. ತಿಪಟೂರಿನಲ್ಲಿರೋ ನಮ್ಮ ಮನೆಯ ಮುಂದಿನ ರೂಮೇ ಅವರ ಡಿಟಿಪಿ ಸೆಂಟರ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆ ಕರಪತ್ರ, ಎಲ್ಲಾ ಅಲ್ಲೇ. ವಿಂಡೋಸ್ 7 ಇರೋ ಹಳೇ ಡೆಸ್ಕ್‌ಟಾಪ್. ನುಡಿ ಫಾಂಟು, ಕೋರಲ್‌ಡ್ರಾ, ವರ್ಷಾನುಗಟ್ಟಲೆ ಕೂಡಿಟ್ಟ ಫೈಲುಗಳು. ಒಳಗಿನ ರೂಮಲ್ಲಿ ಲ್ಯಾಪ್‌ಟಾಪ್. ಅದರಲ್ಲಿ ಅಮ್ಮ ವಧೂವರರ ಫೋಟೋ ಕತ್ತರಿಸಿ ಕಾರ್ಡಿಗೆ ಕೂರಿಸ್ತಾರೆ. ಅಪ್ಪ ಟೈಪ್ ಮಾಡಿದ ಫೈಲು ಪೆನ್ ಡ್ರೈವಲ್ಲಿ ಒಳಗೆ ಹೋಗುತ್ತೆ, ಫೋಟೋ ಸೇರಿಸಿಕೊಂಡು ಹೊರಗೆ ಬರುತ್ತೆ, ಅಲ್ಲಿಂದ ಪ್ರೆಸ್ಸಿಗೆ.

ಐದನೇ ಸೆಮ್ ಎಕ್ಸಾಂ ಮುಗಿಸಿ ಊರಿಗೆ ಹೋದಾಗ ಮನೆಯಲ್ಲಿ ಮಾತೇ ಕಡಿಮೆ ಇತ್ತು. ಆಮೇಲೆ ಗೊತ್ತಾಯ್ತು. ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತ ಬದಲಾಗಿತ್ತು. ಅಪ್ಪ ರಾತ್ರಿ ಫೋನ್ ಬಂದ ತಕ್ಷಣ ಡೆಸ್ಕ್‌ಟಾಪ್‌ನಲ್ಲಿ ತಿದ್ದಿದ್ದರು. ಬೆಳಿಗ್ಗೆ ಪ್ರೆಸ್ಸಿಗೆ ಹೋಗಿದ್ದು ಮಾತ್ರ ಪೆನ್ ಡ್ರೈವಲ್ಲಿದ್ದ ಹಿಂದಿನ ದಿನದ ಫೈಲು. ನಾನೂರು ಕಾರ್ಡು. ಮತ್ತೆ ಅಚ್ಚು ಹಾಕಿಸಿದ ದುಡ್ಡು ಅಪ್ಪನದ್ದೇ. ದುಡ್ಡಿಗಿಂತ ಅವರಿಗೆ ನೋವಾಗಿದ್ದು ಹೆಣ್ಣಿನ ಕಡೆಯವರು ಅಂಗಳದಲ್ಲಿ ನಿಂತು ಆಡಿದ ಮಾತಿಗೆ.

"ಎರಡೂ ಕಂಪ್ಯೂಟರ್‌ಗೂ ಒಂದೇ ಫೋಲ್ಡರ್ ಶೇರ್ ಮಾಡ್ಕೊಟ್ರೆ ಆಯ್ತಲ್ಲಪ್ಪ. ಹತ್ತು ನಿಮಿಷದ ಕೆಲಸ" ಅಂದೆ. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ಬರೆದು ಇನ್ನೂ ವಾರ ಆಗಿರಲಿಲ್ಲ. ಸಬ್‌ನೆಟ್ ಲೆಕ್ಕವನ್ನು ನೀಟಾಗಿ ಬಾಕ್ಸ್ ಹಾಕಿ ಬಿಡಿಸಿ ಬಂದಿದ್ದೆ.

ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ಶೇರ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ತೆರೆದರೆ ಖಾಲಿ. ಎರಡೂ ಕಡೆ ಫೈರ್‌ವಾಲ್ ಆಫ್ ಮಾಡಿದೆ (ಪರೀಕ್ಷೆಗೆ ಅಂತ ಐದು ನಿಮಿಷ ಮಾಡಬಹುದು, ನಾನು ಇಡೀ ರಾತ್ರಿ ಹಾಗೇ ಬಿಟ್ಟಿದ್ದೆ, ನೀವು ಬಿಡಬೇಡಿ). ಆಗಲೂ ಖಾಲಿ. ಪಿಂಗ್ ಮಾಡಿದೆ. ಇಲ್ಲಿಂದ ತಲೆ ಕೆಡೋಕೆ ಶುರುವಾಯ್ತು. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಪಿಂಗ್ ಹೋಗುತ್ತೆ, ಉತ್ತರವೂ ಬರುತ್ತೆ. ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಮಾಡಿದರೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ನಾಲ್ಕು ಸಲಕ್ಕೆ ನಾಲ್ಕೂ ಸಲ. ಡೆಸ್ಕ್‌ಟಾಪ್‌ನ ಐಪಿ ವಿಳಾಸವನ್ನೇ ನೇರವಾಗಿ ಟೈಪ್ ಮಾಡಿದರೆ ಹೆಸರು, ಪಾಸ್‌ವರ್ಡ್ ಕೇಳ್ತು. ಅಪ್ಪನ ಅಕೌಂಟಿಗೆ ಪಾಸ್‌ವರ್ಡೇ ಇಲ್ಲ. ಖಾಲಿ ಬಿಟ್ಟು ಎಂಟರ್ ಒತ್ತಿದೆ, ಒಳಗೆ ಬಿಡಲಿಲ್ಲ. ಇದೂ ಅದೇ ಕಾಯಿಲೆ ಅಂದ್ಕೊಂಡು ವೈಫೈ ಡ್ರೈವರ್ ತೆಗೆದು ಮತ್ತೆ ಹಾಕಿದೆ.

ಅಮ್ಮ ಅಡುಗೆಮನೆಯಿಂದ ಬಂದು ಒಂದು ಮಾತು ಹೇಳಿದರು. "ಹೊರಗಡೆ ರೂಮಲ್ಲಿ ಕೂತ್ಕೊಂಡಾಗ ಅಪ್ಪನ ಕಂಪ್ಯೂಟರ್ ಹೆಸರು ಇದರಲ್ಲಿ ಕಾಣುತ್ತೆ ಕಣೋ. ಒಳಗೆ ಬಂದ್ರೆ ಹೋಗ್ಬಿಡುತ್ತೆ."

"ಅದು ಸಿಗ್ನಲ್ ಅಮ್ಮ, ನಿಂಗೆ ಗೊತ್ತಾಗಲ್ಲ" ಅಂದೆ.

ರಾತ್ರಿ ಹನ್ನೊಂದಾಯ್ತು. ಅಪ್ಪ ಬಂದು ನೋಡಿ, ಏನೂ ಕೇಳದೆ ಲ್ಯಾಪ್‌ಟಾಪ್‌ಗೆ ಪೆನ್ ಡ್ರೈವ್ ಚುಚ್ಚಿ, ಫೈಲು ತಗೊಂಡು ಹೋದರು. ಬೈದಿದ್ದರೆ ವಾಸಿ ಇತ್ತು.

ಬೆಳಿಗ್ಗೆ ಕಾಫಿ ಹಿಡ್ಕೊಂಡು ಸುಮ್ಮನೆ ಮುಂದಿನ ರೂಮಲ್ಲಿ ಲ್ಯಾಪ್‌ಟಾಪ್ ತೆರೆದೆ. ಅಪ್ಪನ ಕಂಪ್ಯೂಟರ್ ಹೆಸರು ಅಲ್ಲಿ ಕೂತಿತ್ತು. ತಕ್ಷಣ ಐಪಿಕಾನ್ಫಿಗ್ ಹೊಡೆದೆ. ಲ್ಯಾಪ್‌ಟಾಪ್ 192.168.1.7. ಡೆಸ್ಕ್‌ಟಾಪ್ 192.168.1.5. ಒಳಗಿನ ರೂಮಿಗೆ ಹೋಗಿ ಮತ್ತೆ ಹೊಡೆದೆ. 192.168.0.103. ಹಿಂದಿನ ರಾತ್ರಿ ಪಿಂಗ್ ಮಾಡುವಾಗ ಇದೇ ಅಂಕಿಗಳನ್ನು ನನ್ನ ಕೈಯಾರೆ ಹತ್ತಾರು ಸಲ ಟೈಪ್ ಮಾಡಿದ್ದೆ. ಎರಡಕ್ಕೂ ಮಾಸ್ಕ್ 255.255.255.0. ಅಂದರೆ ಮೂರನೇ ಅಂಕಿ ಬೇರೆಯಾದರೆ ನೆಟ್‌ವರ್ಕೇ ಬೇರೆ. ಎಕ್ಸಾಂನಲ್ಲಿ ಬಾಕ್ಸ್ ಹಾಕಿ ಬರೆದದ್ದು ಇದನ್ನೇ.

ಆಗಿದ್ದು ಇಷ್ಟು. ಫೈಬರ್ ಕನೆಕ್ಷನ್ ಕೊಟ್ಟವರ ಡಬ್ಬ ಮುಂದಿನ ರೂಮಲ್ಲಿದೆ, ಡೆಸ್ಕ್‌ಟಾಪ್‌ಗೆ ಅದರಿಂದಲೇ ವೈರು. ನಮ್ಮದು ಹಳೇ ಕಾಲದ ದಪ್ಪ ಗೋಡೆ, ಅದರ ವೈಫೈ ಒಳಗೆ ಬರಲ್ಲ. ಹಾಗಾಗಿ ಅಪ್ಪ ಇನ್ನೊಂದು ರೌಟರ್ ತಂದು ನಡುಮನೆಯಲ್ಲಿ ಹಾಕಿಸಿದ್ದರು. ಮೊದಲ ಡಬ್ಬದಿಂದ ಬಂದ ವೈರನ್ನು ಇದರ ವ್ಯಾನ್ ಪೋರ್ಟಿಗೆ ಚುಚ್ಚಲಾಗಿತ್ತು. ತಪ್ಪೇನಲ್ಲ, ಇಂಟರ್ನೆಟ್ ಎರಡೂ ಕಡೆ ಚೆನ್ನಾಗೇ ಬರ್ತಿತ್ತು. ಆದರೆ ವ್ಯಾನ್ ಪೋರ್ಟಿಗೆ ಚುಚ್ಚಿದರೆ ಎರಡನೇ ರೌಟರ್ ತನ್ನ ಹಿಂದೆ ಬೇರೆಯದೇ ಒಂದು ನೆಟ್‌ವರ್ಕ್ ಕಟ್ಟುತ್ತೆ. ಒಳಗಿನಿಂದ ಹೊರಟದ್ದನ್ನು ತನ್ನ ಹೆಸರಲ್ಲಿ ಕಳಿಸಿ, ಉತ್ತರವನ್ನು ವಾಪಸ್ ತಂದು ಕೊಡುತ್ತೆ. ಅದಕ್ಕೇ ಲ್ಯಾಪ್‌ಟಾಪ್‌ನ ಪಿಂಗ್ ಹೋಗ್ತಿತ್ತು. ಹೊರಗಿನಿಂದ ಯಾರಾದರೂ ತಾವಾಗಿ ಒಳಗೆ ಬರ್ತೀವಿ ಅಂದರೆ ದಾರಿಯಿಲ್ಲ. ಡೆಸ್ಕ್‌ಟಾಪ್ 192.168.0.103 ಎಲ್ಲಿ ಅಂತ ಮೊದಲ ಡಬ್ಬವನ್ನು ಕೇಳಿದರೆ, ಆ ಡಬ್ಬಕ್ಕೂ ಗೊತ್ತಿಲ್ಲ. ಇನ್ನು 'ಇಲ್ಲಿ ಯಾರ್ಯಾರು ಇದ್ದೀರಿ' ಅಂತ ಕಂಪ್ಯೂಟರ್‌ಗಳು ಹಾಕೋ ಕೂಗು ರೌಟರ್ ದಾಟೋದೇ ಇಲ್ಲ. ಹೆಸರು ಕಾಣೋದು ಎಲ್ಲಿಂದ? ಅಮ್ಮ ಮುಂದಿನ ರೂಮಲ್ಲಿ ಕೂತಾಗ ಲ್ಯಾಪ್‌ಟಾಪ್ ತಾನಾಗೇ ಮೊದಲ ಡಬ್ಬದ ವೈಫೈ ಹಿಡೀತಿತ್ತು, ಅಷ್ಟೇ.

ಪರಿಹಾರ ಗೊತ್ತಿತ್ತು. ಎರಡನೇ ರೌಟರ್ ಬರೀ ವೈಫೈ ಹಂಚೋ ಡಬ್ಬ ಆಗಬೇಕು. ಅದರ ಡಿಎಚ್‌ಸಿಪಿ ಆಫ್ ಮಾಡಬೇಕು, ಅದಕ್ಕೆ 192.168.1ರ ಸಾಲಿನಲ್ಲೇ ಯಾರಿಗೂ ಹಂಚದ ಒಂದು ವಿಳಾಸ ಕೊಡಬೇಕು, ಆಮೇಲೆ ವೈರನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಬೇಕು. ನಾನು ಉತ್ಸಾಹದಲ್ಲಿ ಮೊದಲು ವೈರ್ ಬದಲಾಯಿಸಿಬಿಟ್ಟೆ. ಈಗ ಒಂದೇ ನೆಟ್‌ವರ್ಕಿನಲ್ಲಿ ವಿಳಾಸ ಹಂಚೋರು ಇಬ್ಬರು. ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿ ಎರಡನೇ ರೌಟರ್‌ನಿಂದ ವಿಳಾಸ ತಗೊಂಡು ಕೂತಿತು. ಆ ರೌಟರ್‌ಗೆ ಈಗ ಇಂಟರ್ನೆಟ್ಟೇ ಇಲ್ಲ. ಅಷ್ಟೊತ್ತಿಗೆ ಅಪ್ಪ ಗಿರಾಕಿಯನ್ನು ಎದುರಿಗೆ ಕೂರಿಸ್ಕೊಂಡು ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸಬೇಕಿತ್ತು.

"ಏನಪ್ಪಾ ಇಂಜಿನಿಯರ್ರೇ, ಇದ್ದಿದ್ದೂ ಹೋಯ್ತಲ್ಲ!"

ಒಂದು ಅನುಕೂಲ ಆಯ್ತು. ಡೆಸ್ಕ್‌ಟಾಪ್ ಆ ರೌಟರ್ ಹಿಂದೆಯೇ ಇದ್ದದ್ದರಿಂದ ಅಲ್ಲಿಂದಲೇ ಅದರ ಪುಟ ತೆರೆದು ಎರಡನ್ನೂ ಸರಿಮಾಡಿದೆ. ಮತ್ತೆ ರೀಸ್ಟಾರ್ಟ್. ಪ್ರೂಫ್ ಹೋಯ್ತು. ಫೈರ್‌ವಾಲ್‌ಗಳನ್ನು ವಾಪಸ್ ಆನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ವೈಫೈಯನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಾಯಿಸಿದೆ. ಒಳಗಿನ ರೂಮಲ್ಲಿ ಅಪ್ಪನ ಕಂಪ್ಯೂಟರ್ ಹೆಸರು ಬಂತು.

ಒತ್ತಿದರೆ ಅದೇ ಪಾಸ್‌ವರ್ಡ್ ಬಾಕ್ಸ್! ಇದು ಬೇರೆಯದೇ ರೋಗ. ಪಾಸ್‌ವರ್ಡ್ ಇಲ್ಲದ ಅಕೌಂಟಿನಲ್ಲಿ ಯಂತ್ರದ ಎದುರು ಕೂತು ಲಾಗಿನ್ ಆಗಬಹುದು, ನೆಟ್‌ವರ್ಕ್ ಮೂಲಕ ವಿಂಡೋಸ್ ಬಿಡಲ್ಲ. ರಾತ್ರಿ ಎರಡು ತೊಂದರೆಗಳನ್ನು ಒಂದೇ ಅಂದ್ಕೊಂಡು ಗುದ್ದಾಡಿದ್ದೆ. ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ಅಕೌಂಟ್ ಮಾಡಿ, ಪಾಸ್‌ವರ್ಡ್ ಇಟ್ಟು, ಆ ಒಂದು ಫೋಲ್ಡರಿಗೆ ಮಾತ್ರ ಅನುಮತಿ ಕೊಟ್ಟೆ. ಹಾಸ್ಟೆಲ್ ಗ್ರೂಪಿನಲ್ಲಿ ಒಬ್ಬ 'ಎಸ್‌ಎಂಬಿ 1 ಆನ್ ಮಾಡು ಮಗಾ' ಅಂತ ಸಲಹೆ ಕೊಟ್ಟಿದ್ದ. ಮಾಡಬೇಡಿ. ವಿಂಡೋಸ್ 7ಕ್ಕೆ ಎಸ್‌ಎಂಬಿ 2 ಬರುತ್ತೆ. 2017ರಲ್ಲಿ ವನ್ನಾಕ್ರೈ ಹರಡಿದ್ದು ಆ ಹಳೇ ಎಸ್‌ಎಂಬಿ 1ರ ತೂತಿನಿಂದಲೇ.

ಅಮ್ಮನಿಗೆ ತೋರಿಸಿದೆ. "ಹೊರಗಡೆ ಕೂತ್ರೆ ಕಾಣುತ್ತೆ ಅಂತ ನಾನು ನಿನ್ನೇನೇ ಹೇಳಿದ್ನಲ್ಲೋ" ಅಂದರು. ಹೌದು ಅಂದೆ. ಇನ್ನೇನು ಅನ್ನೋದು.

ಮಧ್ಯಾಹ್ನ ಊಟ ಆದಮೇಲೆ ಒಳಗಿನಿಂದ ಕೂಗು ಕೇಳಿಸ್ತು. "ರೀ, ಆ ಫೈಲ್ ಮುಚ್ಚಿ! ನೀವು ತೆರೆದಿಟ್ಕೊಂಡಿದ್ದೀರಂತೆ, ನಂಗೆ ಸೇವ್ ಮಾಡೋಕೆ ಬಿಡ್ತಿಲ್ಲ."

"ಒಂದ್ನಿಮಿಷ ಇರೇ, ಮುಹೂರ್ತ ತಿದ್ತಾ ಇದ್ದೀನಿ" ಅಂದರು ಅಪ್ಪ. ಪೆನ್ ಡ್ರೈವ್ ಇನ್ನೂ ಜೇಬಲ್ಲೇ ಇತ್ತು. ಪ್ರೆಸ್ಸಿಗೆ ಹೋಗೋಕೆ ಅದು ಬೇಕೇ ಬೇಕು.