ಪಿ ಹಾಕೋದೋ, ಸಿ ಹಾಕೋದೋ

‘ಒಂದು ಮಾರ್ಗದಲ್ಲಿ ಐದು ನಿಲ್ದಾಣಗಳಿವೆ, ಎಷ್ಟು ಬಗೆಯ ಟಿಕೆಟ್ ಬೇಕು?’ ಎಂಬ ಪ್ರಶ್ನೆಗೆ ಸಾವಿಲ್ಲ. ನಾನು ಓದುವಾಗ ಅದು ರೈಲಿನ ವೇಷದಲ್ಲಿ ಕಾಡಿತ್ತು. ಈಗ ಅಕ್ಕನ ಮಗನ ಸಿಇಟಿ ಗೈಡಿನಲ್ಲಿ ಕೂತಿದೆ. “ಇದಕ್ಕೆ ಪಿ ಹಾಕೋದೋ, ಸಿ ಹಾಕೋದೋ ಮಾಮ?” ಎನ್ನುತ್ತಾನೆ. ಕ್ರಮ ಲೆಕ್ಕಕ್ಕೆ ಬಂದರೆ ಪಿ (ಕ್ರಮಯೋಜನೆ), ಬಾರದಿದ್ದರೆ ಸಿ (ವಿಕಲ್ಪ). 60 ಪ್ರಶ್ನೆಗೆ 80 ನಿಮಿಷ ಕೊಡುವ ಪರೀಕ್ಷೆ. ಅವನಿಗೆ ಬೇಕಾದದ್ದು ಅಕ್ಷರ, ವಿವರಣೆಯಲ್ಲ.

ನಮ್ಮ ರೂಟನ್ನೇ ತಗೋ ಎಂದೆ. ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ಹಾನಗಲ್, ಮೊಳಕಾಲ್ಮೂರು. ಹತ್ತುವುದಕ್ಕೆ ಐದು ಊರು, ಇಳಿಯುವುದಕ್ಕೆ ಉಳಿದ ನಾಲ್ಕು. ಟಿಕೆಟ್ 20 ಬಗೆ. ಆದರೆ ಚಳ್ಳಕೆರೆಯಿಂದ ತಳಕಿಗೆ ಹೋದರೂ ಅಲ್ಲಿಂದ ಇಲ್ಲಿಗೆ ಬಂದರೂ ದುಡ್ಡು ಅಷ್ಟೇ. ದರಪಟ್ಟಿ ಬರೆಯುವವನಿಗೆ 10 ಸಾಲು ಸಾಕು. ಅದೇ ಬಸ್ಸು, ಅವೇ ಊರು. ಟಿಕೆಟ್ಟಿಗೆ ಪಿ, ದರಕ್ಕೆ ಸಿ. ಯಾವುದನ್ನು ಬೇರೆ ಎನ್ನುತ್ತೀಯ, ಯಾವುದನ್ನು ಒಂದೇ ಎನ್ನುತ್ತೀಯ ಎಂದು ಮೊದಲು ತೀರ್ಮಾನವಾಗಬೇಕು. ಗುಣಾಕಾರ ಆಮೇಲಿನ ಮಾತು.

ಸಿ ಎಂದರೆ ಇಂಗ್ಲಿಷಿನವರ ಆಸ್ತಿ ಎಂದು ಹುಡುಗ ನಂಬಿದ್ದ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದರ ಸಾಮಾನ್ಯ ಸೂತ್ರವನ್ನು ಸಂಸ್ಕೃತದಲ್ಲಿ ಬರೆದಿಟ್ಟಿದ್ದಾನೆ. ಅವನು ಕೊಡುವ ಉದಾಹರಣೆ ಆರು ರುಚಿಗಳದು. ಮೂರನ್ನು ಆರಿಸಬೇಕಾದರೆ ಆರರಿಂದ ಇಳಿಯುತ್ತ 6, 5, 4 ಗುಣಿಸು. ಒಂದರಿಂದ ಏರುತ್ತ 1, 2, 3 ಗುಣಿಸು. ಇದರಿಂದ ಅದನ್ನು ಭಾಗಿಸು. 20 ಬರುತ್ತದೆ. ಒಂದೇ ರುಚಿಯಿಂದ ಹಿಡಿದು ಆರೂ ಸೇರಿದ್ದರವರೆಗೆ ಕೂಡಿದರೆ 63. ಉಪ್ಪು ಮೊದಲೋ ಹುಳಿ ಮೊದಲೋ ಎಂದು ನಾಲಿಗೆ ಕೇಳುವುದಿಲ್ಲ, ಆದ್ದರಿಂದ ಸಿ. (ಸಾರು ಮಾಡುವವರು ಕೇಳುತ್ತಾರೆ. ಆ ತಗಾದೆ ನಮ್ಮ ಮನೆಯಲ್ಲಿ ಇನ್ನೂ ತೀರಿಲ್ಲ.)

ಹುಡುಗನಿಗೆ ಧೈರ್ಯ ಬಂತು. ಸೀರೆ ಕೊಳ್ಳಲು ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಗೆ ಹೋದಾಗ, ಅಕ್ಕ ಬಣ್ಣ ಆರಿಸುತ್ತಿದ್ದರೆ ಇವನು ಲೆಕ್ಕಕ್ಕೆ ಕೂತ. ಒಡಲಿಗೆ ಕೆಂಪು, ಹಸಿರು, ನೀಲಿ, ಹಳದಿ. ಅಂಚಿಗೆ ಕೆಂಪು, ಹಸಿರು, ನೀಲಿ. ಸೆರಗು ಎರಡು ನಮೂನೆ. “ನಾಲ್ಕು ಮೂರಲೆ ಹನ್ನೆರಡು, ಎರಡಲೆ ಇಪ್ಪತ್ನಾಲ್ಕು. 24 ಥರ ಸೀರೆ!”

ಮಗ್ಗದಲ್ಲಿ ಕೂತಿದ್ದ ಅಜ್ಜ ಲಾಳಿ ನಿಲ್ಲಿಸಲಿಲ್ಲ. “ಕೆಂಪು ಒಡಲಿಗೆ ಕೆಂಪಂಚೇ ಹಾಕಿದ್ರೆ ಅಂಚು ಎದ್ದು ಕಾಣೋದು ಹೆಂಗಪ್ಪ?” ಎಂದರು. ಗೈಡಿನಲ್ಲಿ ಇದಕ್ಕೆ ‘ನಿಬಂಧನೆ’ ಎನ್ನುತ್ತಾರೆ. ಒಡಲು, ಅಂಚು ಒಂದೇ ಬಣ್ಣವಾಗುವ ಮೂರು ಜೋಡಿ ಕಳೆದರೆ ಒಂಬತ್ತು. ಸೆರಗಿನಿಂದ ಗುಣಿಸಿದರೆ 18.

“ಈ ಹಾಸಿನಾಗೆ ಹದಿನೆಂಟೂ ಬರಲ್ಲ. ಹಾಸು ಹೂಡಿದ ಮೇಲೆ ಒಡಲು, ಅಂಚು ಎರಡೂ ಕೂತಂಗೆ. ಸೆರಗಷ್ಟೇ ನಮ್ಮ ಕೈಯಾಗೆ.”

18 ಇದ್ದದ್ದು ಎರಡಕ್ಕೆ ಇಳಿಯಿತು. 2011ರಲ್ಲಿ ಜಿಐ ಮಾನ್ಯತೆ ಪಡೆದ ಸೀರೆ ನನ್ನ ಅಳಿಯನ ಕಣ್ಣಿಗೆ ಬಡವಾಗಿ ಕಂಡಿರಬೇಕು. ಅಷ್ಟರಲ್ಲಿ ಅಜ್ಜ ಮಗ್ಗದ ಮೇಲಿನ ಬಟ್ಟೆಯನ್ನು ಕೈಯಲ್ಲಿ ಓರೆಮಾಡಿ ತೋರಿಸಿದರು. ಹಾಸು ಕೆಂಪು, ಹೊಕ್ಕು ನೀಲಿ. ಹಿಡಿದಂತೆಲ್ಲ ಬಣ್ಣ ಬದಲಾಗುತ್ತಿತ್ತು.

“ಇದು ನಿನ್ನ ನಾಲ್ಕರಾಗೆ ಯಾವ್ದು?”

ಹುಡುಗ ಸಿಇಟಿ ಅಭ್ಯಾಸಬಲದಿಂದ, “ಮೇಲಿನ ಯಾವುದೂ ಅಲ್ಲ” ಎಂದ.